ಗ್ರಿಲ್ಲಿನ ಗೋಳಿ ಗಿಡ: ಹದಿನಾಲ್ಕನೇ ತಿಂಗಳು

ಹೋದ ವರ್ಷ ಜೂನ್‌ನಲ್ಲಿ ನಮ್ಮ ಮುಲುಂಡ್ ಬಿಲ್ಡಿಂಗಿನ ಟೆರೇಸ್ ರಿಪೇರಿ ನಡೆದಿತ್ತು. ಪೈಪಿನ ಸಂದಿಯಲ್ಲಿ ಒಂದು ಗೋಳಿ ಗಿಡ ಹುಟ್ಟಿತ್ತು, ಬುಡ ಹೆಬ್ಬೆರಳಿನಷ್ಟು ದಪ್ಪ. ಘಟ್ಟದ ಮೇಲಿನವರು ಇದನ್ನೇ ಆಲ ಅನ್ನುವುದು. ಬೋನ್ಸಾಯ್ ಮಾಡೋಣ, ಅಂದರೆ ಕುಂಡದಲ್ಲೇ ಕುಳ್ಳ ಮರವಾಗಿ ಬೆಳೆಸೋಣ ಅಂತ, ಕೆಲಸದವರು ಕಡಿದು ಬಿಸಾಡುವ ಮೊದಲು ಕೇಳಿ ತಂದುಕೊಂಡೆ. ತಾಯಿಬೇರು ಗೋಡೆಯೊಳಗೇ ಉಳಿಯಿತು, ಕೈಗೆ ಬಂದದ್ದು ನಾಲ್ಕು ಎಳೆ ಬೇರು. ಆದರೂ ಬದುಕಿತು. ಮೊದಲ ಬೋನ್ಸಾಯ್‌ಗೆ ಯಾವ ಗಿಡ ಅಂತ ಯಾರಾದರೂ ಕೇಳಿದರೆ ನಾನು ಆಲದ ಜಾತಿಯನ್ನೇ ಹೇಳುತ್ತೇನೆ.

ಮೊದಲ ವರ್ಷ ದೊಡ್ಡ ಕುಂಡದಲ್ಲಿ ಸುಮ್ನೆ ಬೆಳೆಯಲು ಬಿಟ್ಟೆ. ತಟ್ಟೆಯಂಥ ಕುಂಡಕ್ಕೆ ಆತುರದಲ್ಲಿ ಹಾಕಿಬಿಟ್ಟರೆ ಕಾಂಡ ದಪ್ಪ ಆಗುವುದೇ ನಿಂತುಹೋಗುತ್ತದೆ.

ಅದೇ ಮಳೆಗಾಲದಲ್ಲಿ ನರ್ಸರಿಯಿಂದ ತಂದ ಜೇಡ್ ಗಿಡ ಕೊಳೆತು ಸತ್ತಿತು. ತುಂಬಾ ಬೇಜಾರಾಯಿತು. ಕಿತ್ತು ನೋಡಿದರೆ ಒಳಗಿನ ಕೆಂಪು ಮಣ್ಣು ದೋಸೆ ಹಿಟ್ಟಿನ ಹಾಗೆ ಅಂಟಂಟು, ಬೇರು ಕಪ್ಪಾಗಿ ನಾರುತ್ತಿತ್ತು. ಜೇಡ್ ಎಲೆಯಲ್ಲೇ ನೀರು ಕೂಡಿಡುವ ಗಿಡ, ಅದಕ್ಕೆ ನಾನು ದಿನಾ ಬೆಳಿಗ್ಗೆ ಒಂದು ಲೋಟ ಹಾಕುತ್ತಿದ್ದೆ, ಮೇಲಿಂದ ಜುಲೈ ಮಳೆ ಬೇರೆ. ಆಮೇಲೆ ಮಣ್ಣೇ ಬದಲಾಯಿಸಿದೆ. ಹಳೇ ಇಟ್ಟಿಗೆ ಕುಟ್ಟಿ, ಜರಡಿ ಹಿಡಿದು, ಪುಡಿ ಬಿಸಾಡಿ, 3ರಿಂದ 5 ಮಿಲಿಮೀಟರ್ ಚೂರು ಮಾತ್ರ ಇಟ್ಟುಕೊಳ್ಳುತ್ತೇನೆ. ಎರಡು ಪಾಲು ಅದು, ಒಂದು ಪಾಲು ಚೆನ್ನಾಗಿ ಕಳಿತ ಗೊಬ್ಬರ. ನೀರು ಹಾಕಿದರೆ ಕೆಳಗಿನ ತೂತಿನಿಂದ ತಕ್ಷಣ ಹೊರಗೆ ಬರಬೇಕು.

ನೀರಿಗೆ ಗಡಿಯಾರ ನೋಡಬೇಡಿ, ಬೆರಳು ಹಾಕಿ ನೋಡಿ. ಒಂದು ಗೆಣ್ಣು ಒಳಗೆ ಒಣಗಿದ್ದರೆ ಹಾಕಿ, ಕೆಳಗೆ ಸೋರುವ ತನಕ ಹಾಕಿ. ಗಿಡ ಇಡುವ ನಮ್ಮ ಕಿಟಕಿ ಗ್ರಿಲ್ಲಿನ ಮೇಲೆ ಶೀಟ್ ಇದೆ, ಹೊರಗೆ ಇಡೀ ದಿನ ಮಳೆ ಸುರಿದು ಎಲೆಯೆಲ್ಲ ತೊಯ್ದು ಹೊಳೆಯುತ್ತಿದ್ದರೂ ಒಳಗೆ ಬೆರಳು ಹಾಕಿದರೆ ಮಣ್ಣು ಒಣಒಣ. ಮುಂಬಯಿಯ ಕಿಟಕಿ ತೋಟದವರು ಮೋಸ ಹೋಗುವುದು ಇಲ್ಲೇ.

ಫೆಬ್ರವರಿಯಲ್ಲಿ 2 ಮಿಲಿಮೀಟರ್ ಅಲ್ಯೂಮಿನಿಯಂ ತಂತಿ ಸುತ್ತಿ ಗೋಳಿಯ ಒಂದು ಕೊಂಬೆ ಬಗ್ಗಿಸಿದೆ. ಊರಿಗೆ ಹೋಗಿ ಬರುವಷ್ಟರಲ್ಲಿ ಏಪ್ರಿಲ್ ಆಯಿತು. ಬಿಸಿಲಿಗೆ ಕೊಂಬೆ ದಪ್ಪವಾಗಿ ತಂತಿ ತೊಗಟೆಯೊಳಗೆ ಇಳಿದಿತ್ತು. ಬಿಚ್ಚಲು ಹೋದರೆ ಕೊಂಬೆ ಮುರಿಯುತ್ತದೆ, ಅದಕ್ಕೇ ಕಟ್ಟರ್‌ನಿಂದ ಸುತ್ತು ಸುತ್ತು ಕತ್ತರಿಸಿ ತೆಗೆದೆ. ಗುರುತು ಇನ್ನೂ ಇದೆ. ಈಗ ಪ್ರತಿ ಭಾನುವಾರ ತಂತಿ ನೋಡುತ್ತೇನೆ.

ಈ ಜೂನ್‌ನಲ್ಲಿ, ಮೊದಲ ಮಳೆ ಬಿದ್ದ ವಾರ, ಕೊನೆಗೂ ಆಳವಿಲ್ಲದ ಕುಂಡಕ್ಕೆ ಹಾಕಿದೆ. ಬೇರು ಮೂರರಲ್ಲಿ ಒಂದು ಪಾಲು ಕತ್ತರಿಸಿದೆ. ಬಿಳಿ ಹಾಲು ಸುರಿಯಿತು, ಹೆದರುವುದು ಬೇಡ, ಒದ್ದೆ ಬಟ್ಟೆ ಒತ್ತಿ ಹಿಡಿದರೆ ನಿಲ್ಲುತ್ತದೆ, ಆದರೆ ಕಣ್ಣಿಗೆ ತಾಗಬಾರದು. ತೂತಿಗೆ ಜಾಲರಿ ಹಾಕಿ, ಅದರ ಮೂಲಕ ತಂತಿ ತಂದು ಬೇರನ್ನು ಕುಂಡಕ್ಕೆ ಬಿಗಿದೆ. ನಾಲ್ಕನೇ ಮಹಡಿಯ ಗಾಳಿಗೆ ಗಿಡ ಅಲ್ಲಾಡುತ್ತಿದ್ದರೆ ಹೊಸ ಬೇರು ಹಿಡಿಯುವುದು ಹೇಗೆ, ಅಲ್ವಾ? ಎರಡು ವಾರ ನೆರಳು. ಆಮೇಲೆ ಪೂರ್ವದ ಗ್ರಿಲ್ಲಿಗೆ. ಇದು ಟೀವಿ ಪಕ್ಕ ಇಡುವ ಗಿಡ ಅಲ್ಲ, ಬಿಸಿಲು ಬೇಕೇ ಬೇಕು.

ಈಗ ಜುಲೈ. ಹೊಸ ಎಲೆ ಹನ್ನೊಂದು ಬಂದಿವೆ, ಹಳೆಯವಕ್ಕಿಂತ ಚಿಕ್ಕವು. ಅದಕ್ಕಿಂತ ಖುಷಿಯ ವಿಷಯ, ಕೆಳಗಿನ ಕೊಂಬೆಯಲ್ಲಿ ಒಂದು ಬಿಳಲು ಇಣುಕಿದೆ, ತುದಿ ಅಕ್ಕಿ ಕಾಳಿನಷ್ಟು ಬೆಳ್ಳಗೆ. ಈ ತೇವದ ಗಾಳಿಯಲ್ಲೇ ಅದು ಬರುವುದು. ಒಣಗದಿರಲಿ ಅಂತ ಒಂದು ಸ್ಟ್ರಾ ಉದ್ದಕ್ಕೆ ಸೀಳಿ, ಬಿಳಲನ್ನು ಒಳಗೆ ಸೇರಿಸಿ, ಸ್ಟ್ರಾದ ಕೆಳತುದಿ ಮಣ್ಣಿಗೆ ಚುಚ್ಚಿಟ್ಟಿದ್ದೇನೆ. ಇವತ್ತು ಬೆಳಿಗ್ಗೆ ನೋಡಿದಾಗ ಮಣ್ಣಿಗೆ ಇನ್ನು ಮೂರು ಬೆರಳು ದೂರ.