ಮಣ್ಣಿನ ಕೆಲಸ ಕಲಿಯೋಕೆ ಫಾರಿನ್‌ಗೆ ಹೋಗಲೇಬೇಕಾ?

ನಾನು ಮಣ್ಣಿನ ಕೆಲಸ ಹೇಳಿಕೊಡುತ್ತೇನೆ ಅಂತ ಗೊತ್ತಾದ ಕೂಡಲೇ ಬರುವ ಪ್ರಶ್ನೆ ಇದು: ಸೆರಾಮಿಕ್ಸ್‌ನಲ್ಲಿ ಹೆಸರು ಮಾಡಬೇಕಾದರೆ ಹೊರದೇಶಕ್ಕೆ ಹೋಗಿ ಕಲಿಯಲೇಬೇಕಾ? ಹೋಗಿ ಅಂತಲೂ ಹೇಳಲ್ಲ, ಬೇಡ ಅಂತಲೂ ಹೇಳಲ್ಲ. ಕೆರಿಬಿಯನ್ ದ್ವೀಪ ಜಮೈಕಾದ ಕುಂಬಾರ ಸೆಸಿಲ್ ಬಾ ಅವರ ಕಥೆ ಹೇಳುತ್ತೇನೆ.

ಸೆಸಿಲ್ ಹುಟ್ಟಿದ್ದು 1908ರಲ್ಲಿ, ಪೋರ್ಟ್‌ಲ್ಯಾಂಡ್ ಸೀಮೆಯ ಹಳ್ಳಿಯಲ್ಲಿ. ಕುಂಬಾರಿಕೆ ಕಲಿತದ್ದು ರಾಜಧಾನಿ ಕಿಂಗ್‌ಸ್ಟನ್ನಿನ ಕುಂಬಾರ ಹೆಂಗಸರಿಂದ. ಆಫ್ರಿಕಾದಿಂದ ಗುಲಾಮರನ್ನಾಗಿ ಹೊತ್ತು ತಂದವರ ಜೊತೆ ಬಂದ ವಿದ್ಯೆ ಅದು. ತಿಗರಿ ಇಲ್ಲ. ಬತ್ತಿ ಹೊಸೆದ ಹಾಗೆ ಮಣ್ಣು ಹೊಸೆದು, ಸುತ್ತಿನ ಮೇಲೆ ಸುತ್ತು ಕೂರಿಸಬೇಕು. ಒಳಗೊಂದು ಕೈ, ಹೊರಗೊಂದು ಕೈ ಇಟ್ಟು ಒತ್ತುತ್ತಾ ಏರಿಸಬೇಕು. ತಿರುಗುವುದು ಮಡಕೆಯಲ್ಲ, ಮಾಡುವವರು! ಬಗ್ಗಿಕೊಂಡು ಅದರ ಸುತ್ತ ಸುತ್ತಬೇಕು. (ಸೊಂಟದ ಗತಿ ಕೇಳಬೇಡಿ.) ಹೀಗಾಗುವ ಅಗಲ ಬಾಯಿಯ ಪಾತ್ರೆಯೇ ಯಾಬ್ಬಾ. ಸುಡುವುದೂ ಬಯಲಲ್ಲೇ, ಸೌದೆ ಒಟ್ಟಿ.

ಎರಡನೇ ಮಹಾಯುದ್ಧದಲ್ಲಿ ಸೆಸಿಲ್ ಬ್ರಿಟಿಷ್ ಸೇನೆ ಸೇರಿದರು. ಯುದ್ಧ ಮುಗಿದ ಮೇಲೆ ಇಂಗ್ಲೆಂಡಿನ ಸೇಂಟ್ ಐವ್ಸ್‌ನಲ್ಲಿ ಕುಂಬಾರ ಬರ್ನಾರ್ಡ್ ಲೀಚ್ ಹತ್ತಿರ ಕೆಲಸ ಮಾಡಿದರು. ಲೀಚ್ ಜಪಾನಿನಲ್ಲಿ ಕಲಿತು ಬಂದವರು, ಆ ಕಾಲದ ದೊಡ್ಡ ಹೆಸರು. ಆದರೆ ಗಮನಿಸಿ, ಆಗ ಸೆಸಿಲ್‌ಗೆ ವಯಸ್ಸು 40ರ ಹತ್ತಿರ. ಕೈ ಆಗಲೇ ಪಳಗಿತ್ತು. ನಮ್ಮಲ್ಲಿ ಬಹಳಷ್ಟು ಜನ ಮೊದಲು ಫಾರಿನ್, ಆಮೇಲೆ ಊರು ಅಂತ ಉಲ್ಟಾ ಮಾಡ್ತಾರೆ ಅಲ್ವಾ?

ವಾಪಸ್ ಬಂದವರು ಲೀಚ್ ನಕಲು ಮಾಡುತ್ತಾ ಕೂರಲಿಲ್ಲ. ಜಮೈಕಾದ ಮಣ್ಣು, ಕಲ್ಲುಪುಡಿ ತಂದು ಗ್ಲೇಜ್ (ಸುಟ್ಟಾಗ ಮಡಕೆಯ ಮೇಲೆ ಗಾಜಿನಂತಾಗುವ ಲೇಪ) ಪ್ರಯೋಗಕ್ಕಿಳಿದರು. ಅವರಿಗೆ ಹೆಸರು ತಂದದ್ದು ‘ಈಜಿಪ್ಟಿನ ನೀಲಿ’ ಅನ್ನುವ ಗ್ಲೇಜ್. ಗ್ಲೇಜ್‌ಗೆ ತಾಮ್ರ ಹಾಕಿದರೆ ಸಾಮಾನ್ಯವಾಗಿ ಹಸಿರು ಬರುತ್ತೆ. ಸೋಡಾದಂಥ ಕ್ಷಾರ ಜಾಸ್ತಿ ಇದ್ದರೆ ಅದೇ ತಾಮ್ರ ನೀಲಿಗೆ ತಿರುಗುತ್ತೆ. ಆದರೆ ಅಂಥ ಗ್ಲೇಜ್ ಸುಟ್ಟ ಮೇಲೆ ತಣ್ಣಗಾಗುವಾಗ ಮಡಕೆಗಿಂತ ಜಾಸ್ತಿ ಕುಗ್ಗಿ, ಮೈತುಂಬ ಕೂದಲೆಳೆಯ ಬಿರುಕು ಬಿಡುತ್ತೆ. ಒಮ್ಮೆ ಮಾಡಿ ನೋಡಿ, ಕಷ್ಟ ಗೊತ್ತಾಗುತ್ತೆ.

1950ರಲ್ಲಿ ಶಿಲ್ಪಿ ಎಡ್ನಾ ಮ್ಯಾನ್ಲಿ ಮೊದಲಾದವರ ಜೊತೆ ಸೇರಿ ಕಿಂಗ್‌ಸ್ಟನ್ನಿನಲ್ಲಿ ಕಲಾಶಾಲೆ ಶುರು ಮಾಡಿದರು, ವರ್ಷಗಟ್ಟಲೆ ಪಾಠ ಹೇಳಿದರು. ನುಬಿಯನ್ (ಆಫ್ರಿಕಾದ ನೈಲ್ ನದಿ ಸೀಮೆಯ ಜನ) ಮುಖಗಳ ಸೆರಾಮಿಕ್ ಶಿಲ್ಪಗಳಿಗೆ ಹೆಸರಾದ ಜೀನ್ ಪಿಯರ್ಸನ್ ಅವರ ಶಿಷ್ಯರೇ. ಜಮೈಕಾದ ನ್ಯಾಷನಲ್ ಗ್ಯಾಲರಿಯಲ್ಲಿ ಸೆಸಿಲ್ ಹೆಸರಿನ ಸೆರಾಮಿಕ್ಸ್ ವಿಭಾಗವೇ ಇದೆ. 2005ರಲ್ಲಿ, 96ನೇ ವಯಸ್ಸಿನಲ್ಲಿ ತೀರಿಕೊಂಡರು.

ನನಗೆ ಚುಚ್ಚುವ ಮಾತೊಂದಿದೆ. ಸೆಸಿಲ್‌ಗೆ ಮೊದಲು ಕಲಿಸಿದ ಆ ಹೆಂಗಸರು ಎಷ್ಟು ಜನಕ್ಕೆ ಗೊತ್ತು? ಜಮೈಕಾದ ಸ್ಪ್ಯಾನಿಷ್ ಟೌನ್ ಊರಿನ ಮಾ ಲೂ ಅಂಥ ಒಬ್ಬಿಬ್ಬರನ್ನು ಬಿಟ್ಟರೆ ಯಾಬ್ಬಾ ಮಾಡಿದವರ ಹೆಸರು ಹೊರಗೆ ಬರಲೇ ಇಲ್ಲ. ಲೀಚ್ ಹೆಸರು ಮಾತ್ರ ಎಲ್ಲರ ಬಾಯಲ್ಲೂ ಇದೆ.

ಹಾಗಾಗಿ ಕೇಳಿದವರನ್ನು ನಾನೇ ತಿರುಗಿ ಕೇಳುತ್ತೇನೆ: ನಿಮ್ಮ ಕಡೆಯ ಕುಂಬಾರರ ಹತ್ತಿರ ಕೂತಿದ್ದೀರಾ? ಕುಂಬಾರಿಕೆಗೆ ಹೆಸರಾದ ಬೆಳಗಾವಿ ಕಡೆಯ ಖಾನಾಪುರಕ್ಕೆ ಹೋಗಿದ್ದೀರಾ? ಇಲ್ಲ ಅಂದರೆ ಮೊದಲು ಅದಾಗಲಿ. ವೀಸಾ ಮಾತು ಆಮೇಲೆ.