ಪಿನ್ ಕೂತಿರಲಿಲ್ಲ

ಮಾರ್ಚ್ 12, 2025, ಬುಧವಾರ ರಾತ್ರಿ

ಕೈ ಇನ್ನೂ ನಡುಗುತ್ತಿದೆ. ಬರೆಯದೆ ಮಲಗಿದರೆ ನಿದ್ದೆ ಹತ್ತುವುದಿಲ್ಲ.

ಬೆಳಗ್ಗೆ ಸೆಸ್ನಾ 172 ಎಂಬ ಪುಟ್ಟ ವಿಮಾನದಲ್ಲಿ, ಹಾರಿಸಲು ಕಲಿಸುವ ಸರ್ ಜೊತೆ ಪಾಠ. ಪೂರ್ತಿ ಪವರ್ ಕೊಟ್ಟ ಕೂಡಲೇ ಮೂತಿ ಎಡಕ್ಕೆ ಎಳೆಯುತ್ತದೆ, ಬಲಗಾಲಲ್ಲಿ ರಡರ್, ಅಂದರೆ ಮೂತಿಯನ್ನು ಎಡಬಲಕ್ಕೆ ತಿರುಗಿಸುವ ಪೆಡಲು, ಒತ್ತಿ ಹಿಡಿಯಬೇಕು. ಹಿಡಿದಿದ್ದೆ. ವೇಗ 55 ನಾಟ್. ಮೂತಿ ಎತ್ತಿ ಇಳಿಸುವ ಹಿಡಿಕೆಯನ್ನು, ಅಂದರೆ ಯೋಕನ್ನು, ಮೆಲ್ಲಗೆ ಎಳೆದೆ, ಮುಂದಿನ ಚಕ್ರ ಎದ್ದಿತು. ಅಷ್ಟರಲ್ಲಿ ನನ್ನ ಸೀಟು ಹಳಿಯ ಮೇಲೆ ಸರ್ರನೆ ಹಿಂದಕ್ಕೆ ಜಾರಿತು. ಎರಡೂ ಕಾಲು ಪೆಡಲಿನಿಂದ ತಪ್ಪಿದವು. ಬೀಳುವಾಗ ಯಾರಾದರೂ ಕೈಗೆ ಸಿಕ್ಕಿದ್ದನ್ನೇ ಹಿಡಿಯುತ್ತಾರೆ. ನನ್ನ ಕೈಯಲ್ಲಿದ್ದದ್ದು ಯೋಕ್. ಜೋತುಬಿದ್ದಷ್ಟೂ ಮೂತಿ ಮೇಲೇಳುತ್ತಿತ್ತು, ಎಡಕ್ಕೆ ತಿರುಗುತ್ತಿತ್ತು. ಗಾಜಿನಲ್ಲಿ ರನ್‌ವೇ ಇಲ್ಲ, ಬರೀ ಆಕಾಶ. ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವ ಮುನ್ನ ಎಚ್ಚರಿಸುವ ಸ್ಟಾಲ್ ಹಾರ್ನ್ ಜಾತ್ರೆಯ ಪೀಪಿಯ ಹಾಗೆ ಕೂಗತೊಡಗಿತು.

"ಐ ಹ್ಯಾವ್ ಕಂಟ್ರೋಲ್!"

ಸರ್ ಯೋಕನ್ನು ಮುಂದಕ್ಕೆ ದೂಡುತ್ತಿದ್ದಾರೆ, ನಾನು ಬಿಡುತ್ತಿಲ್ಲ.

"ಕೈ ಬಿಡಮ್ಮಾ!"

ವಿಮಾನದೊಳಗೆ ಅವರು ಕನ್ನಡ ಆಡಿದ್ದು ಅದೇ ಮೊದಲು. ಬಿಟ್ಟೆ.

ಇಳಿದ ಮೇಲೆ ಎಂಜಿನಿಯರ್ ನೋಡಿದರು. ಹಳಿ, ಸೀಟನ್ನು ಅದಕ್ಕೆ ಕಚ್ಚಿ ನಿಲ್ಲಿಸುವ ಪಿನ್ ಎರಡೂ ಸರಿಯಿವೆ. ಅಡಿಯ ಕಂಬಿ ಎತ್ತಿ ಸೀಟನ್ನು ಮುಂದಕ್ಕೆ ಎಳೆದುಕೊಂಡವಳು ನಾನು, ಪಿನ್ ತೂತಿಗೆ ಬಿತ್ತಾ ಎಂದು ನೋಡದವಳೂ ನಾನೇ. ಚೆಕ್‌ಲಿಸ್ಟಿನಲ್ಲಿ "ಸೀಟ್, ಲಾಕ್ಡ್" ಎಂದು ಬಾಯಲ್ಲಿ ಹೇಳಿದ್ದೆ ಅಷ್ಟೆ. ಈ ಸೀಟ್ ಹಳಿಗಳನ್ನು ತಪಾಸಣೆ ಮಾಡಬೇಕೆಂದು ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ 1987ರಲ್ಲೇ ಆದೇಶ ಹೊರಡಿಸಿದೆ, 2011ರಲ್ಲಿ ಇನ್ನೊಮ್ಮೆ. ಓದಿ ಗೊತ್ತಿತ್ತು. ಗೊತ್ತಿದ್ದೂ ಹೀಗೆ ಮಾಡಿದೆನಲ್ಲ ಎಂದು ಹೊಟ್ಟೆಯೊಳಗೆ ಸಂಕಟ.

ಸಂಜೆ ಅಪ್ಪನಿಗೆ ಫೋನ್ ಮಾಡಿದೆ. ಅಮ್ಮನಿಗೆ ಹೇಳಬೇಡಿ ಎಂದು ಮೊದಲೇ ಮಾತು ತಗೊಂಡೆ.

"ಸೀಟು ಅಲ್ಲಾಡಿಸಿ ನೋಡ್ಲಿಲ್ವಾ ಮಗಾ?"

"ಇಲ್ಲಪ್ಪಾ."

ಆ ಕಡೆ ಟಿವಿ ಸದ್ದು ನಿಂತಿತು. ಶಿರಾಡಿ ಘಾಟಿಯಲ್ಲಿ ಬಸ್ಸು ಓಡಿಸಿದವರು. ಹತ್ತಿ ಕೂತವರೇ ಬೆನ್ನು ಕೊಟ್ಟು ಸೀಟನ್ನು ಎರಡು ಸಲ ಹಿಂದಕ್ಕೆ ನೂಕಿ, ಆಮೇಲೆ ಚಾವಿ ತಿರುಗಿಸುತ್ತಿದ್ದರು. ಬಾನೆಟ್ ಪಕ್ಕ ಕೂತು ಎಷ್ಟು ಸಲ ನೋಡಿಲ್ಲ ನಾನು!

"ನಾಳೆ ಹೋಗ್ತೀಯಾ?"

"ಏಳಕ್ಕೆ ಬಾ ಅಂದಿದ್ದಾರೆ ಸರ್."

"ಹೋಗು. ಬೆನ್ನಿಗೆ ದಿಂಬು ಇಟ್ಕೋ, ಕಾಲು ಎಟುಕಲ್ಲ ನಿಂಗೆ."

ಬೈದಿದ್ದರೆ ಚೆನ್ನಾಗಿತ್ತು. ಫೋನಿಟ್ಟು ಅತ್ತೆ.

ಸೀಟು ಜಾರಿದ್ದಕ್ಕಿಂತ ಆ ಕೈಯೇ ಹೆದರಿಸುತ್ತಿದೆ ನನ್ನನ್ನು. ಸೀಟನ್ನು ನಾಳೆ ಹತ್ತು ಸಲ ಅಲ್ಲಾಡಿಸಿ ನೋಡುತ್ತೇನೆ. ಆದರೆ ಸರ್ ಕೂಗಿದ ಮೇಲೂ ಬಿಡಲಿಲ್ಲವಲ್ಲ ಈ ಕೈ, ಒಬ್ಬಳೇ ಹಾರುವ ಸೋಲೊ ದಿನ ಪಕ್ಕದಲ್ಲಿ ಕೂಗುವವರು ಯಾರಿರುತ್ತಾರೆ?