ಟ್ರಂಕು ತೆಗೆದು ನೋಡಿ ಅನ್ನುವ ಮ್ಯೂಸಿಯಂಗಳು

ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ 2018ರ ಜೂನ್‌ನಲ್ಲಿ, ನಾನೀಗ ಇರುವ ಬ್ರಿಟನ್ನಿನ ಜನರಿಗೆ ಒಂದು ಮನವಿ ಮಾಡಿತು. ನಿಮ್ಮ ಬೀರು, ಟ್ರಂಕು, ಅಟ್ಟ ಎಲ್ಲಾ ಹುಡುಕಿ, ಮೇರಿ ಕ್ವಾಂಟ್ ಅಂಗಡಿಯ ಬಟ್ಟೆ ಸಿಕ್ಕರೆ ನಮಗೆ ತಿಳಿಸಿ ಅಂತ. ಈ ಮೇರಿ ಕ್ವಾಂಟ್ 1955ರಲ್ಲಿ ಕಿಂಗ್ಸ್ ರೋಡಿನಲ್ಲಿ ಅಂಗಡಿ ತೆರೆದು, ಮುಂದೆ ಮಿನಿ ಸ್ಕರ್ಟನ್ನು ಮನೆಮಾತು ಮಾಡಿದವರು. ಮನವಿಗೆ ಸಾವಿರಕ್ಕೂ ಹೆಚ್ಚು ಉತ್ತರ ಬಂದವು. ಮರುವರ್ಷ ಪ್ರದರ್ಶನ ಶುರುವಾದಾಗ ಜನರ ಮನೆಯಿಂದ ಬಂದ ಬಟ್ಟೆಗಳೂ ಗಾಜಿನ ಹಿಂದೆ ನಿಂತಿದ್ದವು. ಅವನ್ನು ತೊಟ್ಟವರ ಆಗಿನ ಫೋಟೊಗಳು, ನೆನಪುಗಳು ಕೂಡ ಇದ್ದವು.

ನನ್ನನ್ನು ಅಲ್ಲಿಗೆ ಎಳೆದುಕೊಂಡು ಹೋದದ್ದು ಆಫೀಸಿನ ಗೆಳತಿ. ಹಳೇ ಫ್ರಾಕು ನೋಡೋಕೂ ಟಿಕೆಟ್ ತಗೋಬೇಕಾ ಅಂತ ಗೊಣಗುತ್ತಲೇ ಹೋಗಿದ್ದೆ. ಆದರೆ ಬಟ್ಟೆಗಿಂತ ಜಾಸ್ತಿ ಹೊತ್ತು ನಿಂತು ಓದಿದ್ದು ಪಕ್ಕದ ಚೀಟಿಗಳನ್ನು. ಅಷ್ಟು ದೊಡ್ಡ ಮ್ಯೂಸಿಯಂ ಸಾಮಾನ್ಯ ಹೆಂಗಸರ ಹತ್ತಿರ 'ನಿಮಗೆ ಗೊತ್ತಿರೋದು ನಮಗೆ ಗೊತ್ತಿಲ್ಲ, ಹೇಳಿ' ಅಂತ ಕೇಳೋದು ನನಗೆ ಹೊಸದು. ಬಾಗಲಕೋಟೆಯಲ್ಲಿ ಬೆಳೆದ ನಮಗೆ ಮ್ಯೂಸಿಯಂ ಅಂದರೆ ಶಾಲೆಯ ಟ್ರಿಪ್ಪಿನಲ್ಲಿ ಬಾದಾಮಿಗೋ ಐಹೊಳೆಗೋ ಹೋದಾಗ 'ಮುಟ್ಟಬ್ಯಾಡ್ರಿ, ಸಾಲಾಗಿ ನಡೀರಿ' ಅನ್ನಿಸಿಕೊಂಡ ಜಾಗ, ಅಲ್ವಾ?

ಆಮೇಲೆ ಇಲ್ಲಿನ ಮ್ಯೂಸಿಯಂಗಳ ವೆಬ್‌ಸೈಟುಗಳನ್ನು ಸುಮ್ನೆ ನೋಡುವ ಚಟ ಹತ್ತಿತು. ಎಷ್ಟೋ ಕಡೆ 'ನಿಮ್ಮ ನೆನಪು ಹಂಚಿಕೊಳ್ಳಿ' ಅಂತ ಒಂದು ಖಾಲಿ ಚೌಕ ಇರುತ್ತದೆ. ಯಾವ ನೆನಪು, ಯಾರಿಗೆ ಬೇಕು, ಬರೆದರೆ ಏನಾಗುತ್ತದೆ, ಒಂದೂ ಗೊತ್ತಾಗಲ್ಲ. ನಾನೂ ಒಂದು ದೊಡ್ಡ ಮ್ಯೂಸಿಯಂಗೆ ನಮ್ಮ ಕಡೆಯ ಒಂದು ವಸ್ತುವಿನ ಬಗ್ಗೆ ಉದ್ದಕ್ಕೆ ಬರೆದು ಕಳಿಸಿದ್ದೆ. 'ಧನ್ಯವಾದ, ನಿಮ್ಮ ಸಂದೇಶ ತಲುಪಿದೆ' ಅಂತ ಕಂಪ್ಯೂಟರ್ ಉತ್ತರ ಕೊಟ್ಟಿತು. ಅಷ್ಟೇ. ಅದಾದ ಮೇಲೆ ಒಬ್ಬ ಮನುಷ್ಯರೂ ಮಾತಾಡಲಿಲ್ಲ. ಮನೆಗೆ ಬನ್ನಿ ಬನ್ನಿ ಅಂತ ಕರೆದು, ಹೋದರೆ ಕದ ತೆಗೆಯದವರ ಹಾಗೆ.

ನಾವಿರುವ ಬಡಾವಣೆಯಲ್ಲೇ ಒಂದು ಚಿಕ್ಕ ಮ್ಯೂಸಿಯಂ ಇದೆ. ಅವರು ಕೇಳಿದ್ದು ಬೇರೆ ಥರ. 'ತಾಯಿಯಿಂದ ಮಗಳಿಗೆ ಬಂದ ಬಟ್ಟೆ ನಿಮ್ಮ ಮನೆಯಲ್ಲಿದೆಯಾ? ಒಂದು ಫೋಟೊ ಕಳಿಸಿ. ಯಾರು ಹಾಕಿಕೊಳ್ಳುತ್ತಿದ್ದರು? ಯಾವ ಸಂದರ್ಭಕ್ಕೆ?' ಇಷ್ಟೇ ಪ್ರಶ್ನೆ. ನಾನು ಅಜ್ಜಿಯ ಇಳಕಲ್ ಸೀರೆಯ ಫೋಟೊ ಕಳಿಸಿದೆ. ಕೆಲವೇ ದಿನಗಳಲ್ಲಿ ಅಲ್ಲಿಯ ಒಬ್ಬ ಹೆಂಗಸು ಉತ್ತರ ಬರೆದರು. ಸೀರೆಯ ಮೈ ಮುಗಿದು ಸೆರಗು ಶುರುವಾಗುವ ಕಡೆ ಒಂದು ಗೆರೆ ಕಾಣುತ್ತದೆ, ಅಲ್ಲಿ ನೂಲೇ ಬೇರೆಯಾದಂತಿದೆ, ಅದು ಹೇಗೆ ಅಂತ. ನನಗೇನು ಗೊತ್ತು? ಬಾಗಲಕೋಟೆಯ ನವನಗರಕ್ಕೆ ವಿಡಿಯೊ ಕಾಲ್ ಮಾಡಿ ಅವ್ವನ ಮುಂದೆ ಸೀರೆ ಹಿಡಿದೆ.

"ಅದು ಕೊಂಡಿ ಯವ್ವಾ. ಮೈಗೆ ಹತ್ತಿ ಹಾಸು, ಸೆರಗಿಗೆ ರೇಷ್ಮಿ ಹಾಸು. ಎಳಿಗೆ ಎಳಿ ಕೊಂಡಿ ಹಾಕಿ ಕೂಡಸ್ತಾರ. ಫೋನ್ ಇನ್ನಷ್ಟು ಸಮೀಪ ಹಿಡಿ."

ಹಿಡಿದೆ. ಕೆಂಪು ಸೆರಗಿನ ಮೇಲಿನ ಬಿಳಿ ಚಿತ್ತಾರವನ್ನು ಅವ್ವ ಪೇಪರ್ ಓದಿದ ಹಾಗೆ ಓದುತ್ತಾ ಹೋದಳು. "ಇದು ಹಣಿಗಿ. ಇದು ಕೋಟಿ ಕಮ್ಮಲಿ, ಕೋಟಿ ಗ್ವಾಡಿ ಇದ್ದಂಗ ಐತಿ ನೋಡು. ಇದು ತೆನಿ, ಜ್ವಾಳದ ತೆನಿ. ಅಂಚು ಗೋಮಿ. ನಮ್ಮವ್ವಗ ಕುಬಸದಾಗ ಉಡಿಸಿದ ಸೀರಿ ಇದು. ಆಗ ಹೊಟ್ಟ್ಯಾಗ ನಾನಿದ್ದೆ."

ಅಷ್ಟನ್ನೂ ಇಂಗ್ಲಿಷಿಗೆ ಮಾಡಿ ಕಳಿಸಿದೆ. ಈಗ ಆ ಮ್ಯೂಸಿಯಂನ ಪುಟದಲ್ಲಿ ಸೀರೆಯ ಕೆಳಗೆ ಅವ್ವನ ಹೆಸರಿದೆ, ಮುಂದೆ ಬಾಗಲಕೋಟೆ ಅಂತಲೂ ಇದೆ. ಅವ್ವ ಅದರ ಸ್ಕ್ರೀನ್‌ಶಾಟನ್ನು ಬೀಗರ ವಾಟ್ಸಾಪ್ ಗುಂಪಿಗೂ ಕಳಿಸದೆ ಬಿಟ್ಟಿಲ್ಲ. ಯಾರೂ ಕೇಳದಿದ್ದರೂ ನಾಲ್ಕಾರು ಮನೆಗಳಿಂದ ಹಳೇ ಸೀರೆಯ, ಗುಳೇದಗುಡ್ಡ ಖಣದ ಕುಪ್ಪಸದ ಫೋಟೊಗಳು ಬಂದವು. ನಮ್ಮ ಸಣ್ಣತ್ತೆ ಅಂತೂ 'ನಂದೂ ಹಾಕಸ್ತೀಯೇನು?' ಅಂತ ಕೇಳುತ್ತಲೇ ಇದ್ದಾರೆ.

ಊರ ಮಂದಿ ಹೇಳಿದ್ದನ್ನೆಲ್ಲ ನಿಜ ಅಂತ ಹಾಕಿಬಿಡೋದಾ ಅಂತ ನೀವು ಕೇಳಬಹುದು. ಅದಕ್ಕೂ ದಾರಿ ಇದೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2008ರ ಜನವರಿಯಲ್ಲಿ ಸುಮಾರು 3,000 ಹಳೇ ಫೋಟೊಗಳನ್ನು ಫ್ಲಿಕರ್ ಅನ್ನುವ ಫೋಟೊ ಹಂಚುವ ವೆಬ್‌ಸೈಟಿಗೆ ಹಾಕಿ, ಇವುಗಳಲ್ಲಿ ಏನಾದರೂ ಗುರುತು ಸಿಗುತ್ತಾ ಅಂತ ಜನರನ್ನು ಕೇಳಿತು. ಇದು ಇಂಥ ಬೀದಿ, ಇವರು ಇಂಥ ಆಟಗಾರರು ಅಂತ ಜನ ಹೇಳಿದರು. ಜೊತೆಗೆ ಹಳೇ ಪತ್ರಿಕೆಗಳ ಪುರಾವೆಯನ್ನೂ ತಂದರು. ಸಿಬ್ಬಂದಿ ಪರೀಕ್ಷಿಸಿ, ಸರಿ ಅನ್ನಿಸಿದ್ದನ್ನು ಮಾತ್ರ ತಮ್ಮ ಪಟ್ಟಿಗೆ ತೆಗೆದುಕೊಂಡರು. ಹೀಗೆ 500ಕ್ಕೂ ಹೆಚ್ಚು ಫೋಟೊಗಳ ವಿವರ ಸುಧಾರಿಸಿತು. ಮಾಹಿತಿ ಎಲ್ಲಿಂದ ಬಂತು ಅನ್ನುವುದನ್ನೂ ಅಲ್ಲೇ ಬರೆದರು. ಅದೇ ವರ್ಷ ಸಿಡ್ನಿಯ ಪವರ್‌ಹೌಸ್ ಮ್ಯೂಸಿಯಂ ಕೂಡ ತನ್ನ ಹಳೇ ಫೋಟೊಗಳನ್ನು ಹೀಗೇ ಜನರ ಮುಂದಿಟ್ಟಿತು.

ನಮ್ಮ ಕಡೆ ಇದು ಹೊಸ ಸಂಗತಿ ಅಂತಲೂ ನನಗೆ ಅನ್ನಿಸಲ್ಲ. ಐಹೊಳೆಯ ಲಾಡಖಾನ್ ಗುಡಿಗೆ ಆ ಹೆಸರು ಬಂದದ್ದು ಒಂದು ಕಾಲಕ್ಕೆ ಅದರಲ್ಲಿ ವಾಸವಾಗಿದ್ದವರಿಂದ. ಚಾಲುಕ್ಯರ ಕಾಲದ ಗುಡಿಯಲ್ಲಿ ಒಲೆ ಹೂಡಿ ಸಂಸಾರ ಮಾಡಿದರು. ಊರವರು ಬಾಯಲ್ಲಿ ಇಟ್ಟುಕೊಂಡ ಗುರುತನ್ನೇ ಆಮೇಲೆ ಪುರಾತತ್ವದವರೂ ಬರೆದುಕೊಂಡರು. ಈಗ ಬೋರ್ಡಿನಲ್ಲಿ ಶತಮಾನ ಇರುತ್ತದೆ, ಶೈಲಿ ಇರುತ್ತದೆ. ಆ ಗುಡಿಗಳಲ್ಲಿ ದನ ಎಲ್ಲಿ ಕಟ್ಟುತ್ತಿದ್ದರು, ಮಳೆಗಾಲದಲ್ಲಿ ಎಲ್ಲಿ ಸೋರುತ್ತಿತ್ತು ಅನ್ನುವುದು ಇರಲ್ಲ. 'ನಿಮ್ಮ ಹಿರಿಯರು ಯಾವ ಗುಡಿಯಲ್ಲಿ ಇದ್ದರು?' ಅಂತ ಊರಲ್ಲಿ ಯಾರಾದರೂ ಕೇಳಿದರೆ ಹೇಳುವವರು ಸಿಕ್ಕೇ ಸಿಗುತ್ತಾರೆ.

ನನಗೆ ಹೆಚ್ಚು ಅವಸರ ಅನ್ನಿಸೋದು ಹಳೇ ಬಾಗಲಕೋಟೆಯ ವಿಷಯ. ಆಲಮಟ್ಟಿ ಹಿನ್ನೀರಿಗೆ ಊರಿನ ಒಂದು ಭಾಗ ಹೋಯಿತು, ಜನ ನವನಗರಕ್ಕೆ ಬಂದರು. ಅಣೆಕಟ್ಟೆಯಲ್ಲಿ ನೀರು ನಿಲ್ಲಿಸುವ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸುವ ಮಾತು ಇನ್ನೂ ನಡೆದೇ ಇದೆ. ಮುಳುಗಿದ ಓಣಿಗಳ ಫೋಟೊ ಯಾವ ಕಚೇರಿಯಲ್ಲಿದ್ದರೂ ಅದರಲ್ಲಿ ಇರೋದು ಗೋಡೆ ಮತ್ತು ಸರ್ವೆ ನಂಬರು. ನಮ್ಮ ಮನೆಗಳ ಆಲ್ಬಮ್ಮಿನಲ್ಲಿ ಇರೋದು ಹೋಳಿಯ ಬಣ್ಣದ ಬಂಡಿ, ಹಲಗೆ ಬಡಿಯುವ ಹುಡುಗರು, ಮದುವೆ ಚಪ್ಪರ. ಆ ಚಪ್ಪರದ ಹಿಂದೆ ಯಾರದೋ ಅಂಗಡಿಯ ಅರ್ಧ ಬೋರ್ಡು. ಮುಳುಗಿದ ಓಣಿಯನ್ನು ಹುಡುಕುವವರಿಗೆ ಬೇಕಾಗೋದು ಈ ಅರ್ಧ ಬೋರ್ಡೇ.

ಆದರೆ ಆಲ್ಬಮ್ ಇಟ್ಟುಕೊಂಡ ಹಿರಿಯರು ವೆಬ್‌ಸೈಟಿಗೆ ಬಂದು ಟೈಪ್ ಮಾಡುತ್ತಾ ಕೂರಲ್ಲ. ಅವರ ಹತ್ತಿರ ನಾವೇ ಹೋಗಬೇಕು. ಯುರೋಪಿನಲ್ಲಿ ಮೊದಲ ಮಹಾಯುದ್ಧದ ಮನೆಮನೆಯ ನೆನಪುಗಳನ್ನು ಹೀಗೇ ಕೂಡಿಸಿದರು. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ 2008ರಲ್ಲಿ ಬ್ರಿಟನ್ನಿನ ಜನರಿಂದ 6,500ಕ್ಕೂ ಹೆಚ್ಚು ವಸ್ತುಗಳ ಚಿತ್ರ, ವಿವರ ಪಡೆದಿತ್ತು. ಅದನ್ನೇ ನೋಡಿ 2011ರಲ್ಲಿ ಜರ್ಮನಿಯಿಂದ ಶುರುಮಾಡಿ ಯುರೋಪಿಯಾನಾ ಅನ್ನುವ, ಯುರೋಪಿನ ಮ್ಯೂಸಿಯಂ, ಲೈಬ್ರರಿಗಳ ಸಂಗ್ರಹವನ್ನು ಆನ್‌ಲೈನಿನಲ್ಲಿ ಕೂಡಿಸುವ ಸಂಸ್ಥೆಯವರು ಊರೂರಿಗೆ ಹೋದರು. ಜನ ಅಜ್ಜನ ಕಾಗದ, ಪದಕ, ಡೈರಿ ಹಿಡಿದುಕೊಂಡು ಬಂದರು. ಒಬ್ಬರು ಕೂತು ಕಥೆ ಕೇಳಿ ಬರೆದುಕೊಂಡರು, ಇನ್ನೊಬ್ಬರು ಸ್ಕ್ಯಾನ್ ಮಾಡಿದರು. ವಸ್ತು ಮತ್ತೆ ಅವರ ಕೈಗೆ. ಈ ಕೊನೆಯ ಮಾತು ನಮ್ಮಲ್ಲಿ ಬಹಳ ಮುಖ್ಯ. ಫೋಟೊ ತಗೊಂಡು ಹೋದವರು ವಾಪಸ್ ಕೊಟ್ಟಿಲ್ಲ ಅನ್ನುವ ದೂರು ಇಲ್ಲದ ಮನೆ ಎಲ್ಲಿದೆ ಹೇಳಿ. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಬಳೆ ಅಂಗಡಿ, ನಾಟಕದ ಕಂಪನಿಗಳ ನಡುವೆ ಇಂಥದ್ದೊಂದು ಟೇಬಲ್ ಹಾಕಿದರೆ ಸಾಲು ನಿಲ್ಲುತ್ತದೆ ಅಂತ ನನ್ನ ಲೆಕ್ಕ.

ಅಡ್ಡಿಗಳಿಲ್ಲ ಅಂತಲ್ಲ. ಅವ್ವ ಸೀರೆಗೆ ಒಪ್ಪಿದಳು, ಆದರೆ ಅದನ್ನು ಉಟ್ಟ ಅಜ್ಜಿಯ ಫೋಟೊಗೆ ಒಪ್ಪಲಿಲ್ಲ. "ಮನಿ ಹೆಣ್ಮಕ್ಕಳ ಫೋಟೊ ಊರ ಮಂದೆಲ್ಲಾ ನೋಡೂದು ಬ್ಯಾಡ," ಅಂದಳು. ನಾನು ಒತ್ತಾಯ ಮಾಡಲಿಲ್ಲ, ಮ್ಯೂಸಿಯಂನವರೂ ಮಾಡಲಿಲ್ಲ. ಮುಖ ಬಿಟ್ಟು ಸೆರಗು ಮಾತ್ರ ಹಾಕಿದರು. ಹೆಸರು ಬೇಡ ಅಂದರೆ ಬೇಡ, ಮುಂದೆ ಮನಸ್ಸು ಬದಲಾದರೆ ತೆಗೆಯುತ್ತೇವೆ ಅಂತ ಮೊದಲೇ ಬರೆದುಕೊಟ್ಟಿದ್ದರು. ಇಷ್ಟು ಸಡಿಲ ಬಿಡದಿದ್ದರೆ ನಮ್ಮ ಕಡೆ ಯಾರೂ ಟ್ರಂಕು ತೆಗೆಯಲ್ಲ. ಸ್ಟುಡಿಯೊದಲ್ಲಿ ತೆಗೆಸಿದ ಫೋಟೊದ ಹಕ್ಕು ಯಾರದು ಅನ್ನುವ ಇನ್ನೊಂದು ತಕರಾರು ಇದೆ. ಫೋಟೊದ ಹಿಂಬದಿಯನ್ನೂ ಸ್ಕ್ಯಾನ್ ಮಾಡಿಟ್ಟುಕೊಂಡರೆ ಸ್ಟುಡಿಯೊದ ಮುದ್ರೆ, ಕೆಲವೊಮ್ಮೆ ಪೆನ್ಸಿಲಿನಲ್ಲಿ ಬರೆದ ತಾರೀಖು ಸಿಗುತ್ತದೆ.

ನವನಗರದಲ್ಲಿ ನಮ್ಮ ಕಾಕಾನ ಮಗ ಭಾನುವಾರ ಸ್ಕ್ಯಾನರ್ ಇಟ್ಟುಕೊಂಡು ಕೂರಲು ಒಪ್ಪಿದ್ದಾನೆ. ಪ್ರಶ್ನೆಗಳ ಉದ್ದನೆ ಪಟ್ಟಿ ಕಳಿಸಿದ್ದೆ. ಅವನು ಎಲ್ಲ ಹೊಡೆದುಹಾಕಿ ಒಂದೇ ಉಳಿಸಿಕೊಂಡಿದ್ದಾನೆ: "ಹಳೇ ಊರಾಗ ನಿಮ್ಮ ಮನಿ ಎದುರಿಗೆ ಯಾರ ಅಂಗಡಿ ಇತ್ತ್ರಿ?"